ಒಬ್ಬಳಿಗೆ ಸೀಟು

ಸಮಾಧಾನದ ಮಾತುಗಳನ್ನೆಲ್ಲ ಮನೆಯವರು ಚಿಕ್ಕುವಿಗೆಂದೇ ತಯಾರು ಮಾಡಿ ಇಟ್ಟುಕೊಂಡಿದ್ದರು.

ಅವಳಿ ಹುಡುಗಿಯರು. ಮೊದಲು ಹುಟ್ಟಿ ಮೊದಲು ಅತ್ತವಳು ದೊಡ್ಡು. ಅವಳ ಬೆನ್ನಿಗೇ ಬಂದು ಅವಳಿಗಿಂತ ಜೋರಾಗಿ ಅತ್ತವಳು ಚಿಕ್ಕು. ಶಾಲೆಯಲ್ಲಿ ಬೇರೆ ಹೆಸರು ಬರೆಸಿದ್ದರೂ ಮನೆಯಲ್ಲಿ, ಬೀದಿಯಲ್ಲಿ, ಕಡೆಗೆ ಮೇಷ್ಟ್ರ ಬಾಯಲ್ಲೂ ಅವರು ದೊಡ್ಡು-ಚಿಕ್ಕುಗಳೇ. ಮಾರ್ಕ್ಸು ತರುವವಳು ದೊಡ್ಡು. ಪುಸ್ತಕದ ಅಂಚಿನಲ್ಲೆಲ್ಲ ಮನೆ, ಮೆಟ್ಟಿಲು, ಕಿಟಕಿ ಗೀಚುತ್ತ ಕೂರುವವಳು ಚಿಕ್ಕು. ಇಬ್ಬರೂ ಆರ್ಕಿಟೆಕ್ಚರ್ ಕಾಲೇಜಿಗೆ ಅರ್ಜಿ ಹಾಕಿದಾಗ ದೊಡ್ಡುವಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಚಿಕ್ಕುವಿನ ಗತಿ ಏನು ಎನ್ನುವುದೇ ಮನೆಯ ಚಿಂತೆಯಾಗಿತ್ತು. ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅಮ್ಮ, ಮಷೀನು ತುಳಿಯುತ್ತಲೇ ಚಿಕ್ಕುವಿಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಆಯ್ಕೆಯ ಸುದ್ದಿ ಬಂದ ಮಧ್ಯಾಹ್ನ ಎಲ್ಲರೂ ಅಡುಗೆಮನೆಯಲ್ಲೇ ಇದ್ದರು. ಅಮ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಹುಡುಗಿಯರಿಬ್ಬರಿಗೂ ಸೇರಿ ಇದ್ದ ಒಂದೇ ಫೋನನ್ನು ಅಪ್ಪ ಮೂಗಿನ ಹತ್ತಿರ ಹಿಡಿದು ಓದಿದ. ಮೊದಲು ಚಿಕ್ಕುವಿನದು.

"ಅಯ್ಯೋ, ಇವಳಿಗೇ ಸಿಕ್ಕಿದೆ ಕಣೇ!" ಎಂದು ಕೂಗಿದ.

ಇವಳಿಗೇ ಸಿಕ್ಕ ಮೇಲೆ ದೊಡ್ಡುವಿನದು ನೋಡುವುದೇನಿದೆ ಎಂಬ ಧೈರ್ಯದಲ್ಲಿ ಎರಡನೆಯದನ್ನು ತೆರೆದ. ವಿಷಾದ ಎಂಬ ಪದ ಮೊದಲ ಸಾಲಿನಲ್ಲೇ ಇತ್ತು. ಅವನು ಅದನ್ನು ಜೋರಾಗಿ ಓದಲಿಲ್ಲ. ಮತ್ತೆ ಮೊದಲನೆಯದಕ್ಕೆ ಹೋದ, ಮತ್ತೆ ಎರಡನೆಯದಕ್ಕೆ ಬಂದ.

"ಹೆಸರು ಅದಲು ಬದಲು ಆಗಿರ್ಬೇಕು," ಎಂದ.

ಮೂಲೆಯಲ್ಲಿ ಕೂತಿದ್ದ ಅಜ್ಜಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅವಳ ಮರ್ಜಿಯಂತೆ ಕೇಳುತ್ತಿತ್ತು. "ಏನಂತೆ? ಯಾರಿಗೇನಂತೆ?" ಎಂದಳು.

"ಚಿಕ್ಕೂಗೆ ಸಿಕ್ತು, ದೊಡ್ಡೂಗೆ ಸಿಗ್ಲಿಲ್ಲ," ಎಂದಳು ಅಮ್ಮ.

"ಯಾರಿಗೆ ಸಿಗ್ಲಿಲ್ಲ?"

"ದೊಡ್ಡೂಗೆ!"

"ಹಾಗಲ್ಲ ಹೇಳೋದು, ಸರಿಯಾಗಿ ಹೇಳು. ಚಿಕ್ಕೂಗೆ ತಾನೆ ಸಿಗದೇ ಇದ್ದಿದ್ದು?"

"ದೊಡ್ಡೂಗಮ್ಮಾ! ದೊಡ್ಡೂಗೇ ಸಿಗ್ಲಿಲ್ಲ!" ಎಂದು ಅಪ್ಪ ಕಿರುಚಿದ. ಪಕ್ಕದ ಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೀಗಾಗಿ ಸುದ್ದಿಯನ್ನು ಬೀದಿಗೆ ಬೇರೆ ಹೇಳಬೇಕಾಗಿ ಬರಲಿಲ್ಲ.

ಅಮ್ಮ ಕೈ ಒರೆಸಿಕೊಂಡು ಎದ್ದು ದೊಡ್ಡುವಿನ ತಲೆ ನೇವರಿಸಿದಳು. "ಕಾಲೇಜು ಅಂದ್ರೆ ಅದೊಂದೇನಾ ಮಗಳೇ? ಮಾರ್ಕ್ಸಲ್ಲೇನಿದೆ? ನಿನ್ನ ಕೈಲಿ ಕಲೆ ಇದೆ," ಎಂದಳು. ಹೇಳಿದ ಮೇಲೆಯೇ ಅವಳಿಗೂ ತಪ್ಪು ಗೊತ್ತಾದದ್ದು. ಸ್ಕೇಲಿಲ್ಲದೆ ಒಂದು ನೆಟ್ಟಗಿನ ಗೆರೆ ಎಳೆಯಲಾರದವಳು ದೊಡ್ಡು. ಚಿಕ್ಕುವಿನ ಅಳತೆಗೆ ಹೊಲಿದ ಮಾತನ್ನು ಅವಳಿಗೆ ತೊಡಿಸಿದ ಹಾಗಾಗಿತ್ತು.

"ಆಲೂಗಡ್ಡೆ ಆರಿಹೋಗತ್ತೆ, ಊಟ ಮಾಡೋಣ," ಎಂದಳು ದೊಡ್ಡು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಯಾವುದು ಕೆಟ್ಟರೂ ಎಲ್ಲೋ ಒಂದು ತಂತಿ ಸಡಿಲಾಗಿರುತ್ತದೆ ಎಂಬುದು ಅವನ ನಂಬಿಕೆ. ಮರುದಿನ ಯಾವುದೋ ಕಟ್ಟಡದ ಮೇಲ್ಛಾವಣಿಯಿಂದಲೇ ಕಾಲೇಜಿಗೆ ಫೋನು ಮಾಡಿದ. ಗುಮಾಸ್ತ ಅವನ ಮಾತನ್ನೆಲ್ಲ ಕೇಳಿಸಿಕೊಂಡು, "ಸ್ವಾಮಿ, ಅವಳಿಗಳನ್ನ ನೀವು ಅದಲು ಬದಲು ಮಾಡ್ಕೊಳ್ಳಬಹುದು. ನಾವು ನಂಬರ್ ನೋಡ್ತೀವಿ," ಎಂದನಂತೆ. ಅಪ್ಪ ಅದನ್ನು ಮನೆಗೆ ಬಂದು ಹೇಳಿದಾಗ ಚಿಕ್ಕುವಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡು ಬಚ್ಚಲಿಗೆ ಹೋದಳು.

ಆ ವಾರವೆಲ್ಲ ಹಾಗೆಯೇ ನಡೆಯಿತು. ಚಿಕ್ಕು ಗೆಳತಿಯರೊಂದಿಗೆ ಮಾತಾಡಬೇಕಾದರೆ ಫೋನು ತೆಗೆದುಕೊಂಡು ಮಹಡಿಗೆ ಹೋಗುತ್ತಿದ್ದಳು. ಅಪ್ಪ ಒಂದು ಸಂಜೆ ಕೇಕು ತಂದು, ಅದನ್ನು ಕೊಯ್ಯುವ ಧೈರ್ಯ ಸಾಲದೆ, "ಅಂಗಡಿಯವನು ಸುಮ್ಮನೆ ಕೊಟ್ಟ," ಎಂದು ಹೇಳಿ ಫ್ರಿಜ್ಜಿನಲ್ಲಿಟ್ಟ. ಯಾರೂ ಮುಟ್ಟದೆ ಅದರ ಕೆನೆ ಬಿರುಕು ಬಿಟ್ಟಿತು. ಕಡೆಗೆ ದೊಡ್ಡುವೇ ಕೊಯ್ದು ಎಲ್ಲರಿಗೂ ಹಂಚಿದಳು. ಚಿಕ್ಕು ತನ್ನ ಪಾಲನ್ನು ತುತ್ತಿಗೊಮ್ಮೆ ನೀರು ಕುಡಿದು ನುಂಗಿದಳು.

ಆಮೇಲೆ ಒಂದು ಬೆಳಿಗ್ಗೆ ಟೀ ಕುಡಿಯುವಾಗ ಚಿಕ್ಕು, "ನಾನು ಹೋಗಲ್ಲ," ಎಂದಳು.

"ಎಲ್ಲಿಗೆ?" ಎಂದ ಅಪ್ಪ.

"ಆ ಕಾಲೇಜಿಗೆ. ದೊಡ್ಡು ಇಲ್ದೆ ನಾನೊಬ್ಬಳೇ ಹೋಗಲ್ಲ. ಮುಂದಿನ ವರ್ಷ ಇಬ್ಬರೂ ಮತ್ತೆ ಪರೀಕ್ಷೆ ಬರೀತೀವಿ."

"ತಲೆ ಕೆಟ್ಟಿದೆಯೇನೇ? ಸಿಕ್ಕಿದ್ದನ್ನ ಯಾರಾದ್ರೂ ಬಿಡ್ತಾರಾ?"

"ಬಿಡಲಿ ಬಿಡ್ರೀ," ಎಂದಳು ಅಮ್ಮ. "ಇಬ್ಬರನ್ನೂ ಒಟ್ಟಿಗೆ ಹೆತ್ತಿದ್ದೀನಿ, ಒಟ್ಟಿಗೇ ಓದ್ಲಿ. ಒಬ್ಬಳನ್ನ ಕಳಿಸಿ ಒಬ್ಬಳನ್ನ ಕಣ್ಣೆದುರಿಗೆ ಇಟ್ಕೊಂಡು ನಾನು ಹೇಗೆ ಅನ್ನ ಉಣ್ಲಿ?"

"ನೀನು ಹೆತ್ತಿದ್ದೀಯ ಅಂತ ಜೀವನಪೂರ್ತಿ ಅಂಟಿಸಿ ಇಡೋಕಾಗತ್ತಾ?"

"ಯಾರು ಅಂಟಿಸಿದ್ದು? ಒಂದೇ ಫೋನ್ ಕೊಡಿಸಿದ್ದು ನೀವು!"

ಅಜ್ಜಿ ಈ ಸಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಆ ಹುಡುಗೀನ ಯಾರಾದ್ರೂ ಕೇಳಿದ್ರಾ?" ಎಂದು ಬೆರಳು ತೋರಿಸಿದಳು. ಬೆರಳು ದೊಡ್ಡುವಿನ ಕಡೆಗಿತ್ತು.

ಎಲ್ಲರೂ ದೊಡ್ಡುವಿನ ಮುಖ ನೋಡಿದರು. ಅವಳು ಲೋಟ ಕೆಳಗಿಟ್ಟಳು. ಮಾತು ಅವಳಿಗೇ ಆಶ್ಚರ್ಯವಾಗುವಂತೆ ತಣ್ಣಗೆ ಹೊರಗೆ ಬಂತು.

"ನಿನಗೆ ಒಬ್ಬಳೇ ಹೋಗೋಕೆ ಭಯ ಚಿಕ್ಕು. ಆ ಭಯಕ್ಕೆ ನನ್ನ ಮೇಲಿನ ಪ್ರೀತಿ ಅಂತ ಹೆಸರಿಡಬೇಡ."

ಚಿಕ್ಕುವಿನ ಕಣ್ಣು ತುಂಬಿತು. ಅವಳೂ ಬಿಡಲಿಲ್ಲ. "ನಿನಗೆ ಚಿತ್ರ ಬರೆಯೋದು ಯಾವತ್ತಾದ್ರೂ ಇಷ್ಟ ಇತ್ತಾ? ನಾನು ಹೋಗ್ತೀನಿ ಅಂತ ತಾನೆ ನೀನೂ ಅರ್ಜಿ ಹಾಕಿದ್ದು? ನಿನಗೆ ಭಯ ಇರ್ಲಿಲ್ವಾ?"

ದೊಡ್ಡುವಿಗೆ ಪ್ರವೇಶ ಪರೀಕ್ಷೆ ನೆನಪಾಯಿತು. ಅಲ್ಲಿ ಗೊತ್ತಿರುವ ಒಂದು ಕೋಣೆಯ ಚಿತ್ರ ಬರೆಯಲು ಹೇಳಿದ್ದರು. ಅವಳು ತಮ್ಮಿಬ್ಬರ ಕೋಣೆಯ ಅಳತೆಯನ್ನು ಚಾಚೂ ತಪ್ಪದೆ ಬರೆದಿದ್ದಳು. ಮಂಚ, ಕಪಾಟು, ಬಾಗಿಲು ಎಲ್ಲ ಇದ್ದಲ್ಲಿಯೇ ಇದ್ದವು. ಆದರೆ ಅದು ಯಾರೂ ವಾಸಿಸದ ಕೋಣೆಯಂತೆ ಕಾಣುತ್ತಿತ್ತು. ಕಾಗದ ಒಪ್ಪಿಸುವಾಗಲೇ ಅವಳಿಗೆ ಅದು ಗೊತ್ತಿತ್ತು.

"ಹೋಗು," ಎಂದಳು. "ನೀನು ಬಿಟ್ಟರೆ ನಾನು ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ."

ಚಿಕ್ಕು ಹೋದಳು. ಆ ಊರು ರೈಲಿನಲ್ಲಿ ಇಡೀ ಹಗಲಿನ ದಾರಿ. ಪೆಟ್ಟಿಗೆ ತುಂಬುವಾಗ ಬಟ್ಟೆಗಳು ಪಾಲಾದವು. ಅಲ್ಲಿಯವರೆಗೆ ಯಾವುದು ಯಾರದೆಂದು ಇಬ್ಬರೂ ಯೋಚಿಸಿದವರಲ್ಲ. ನೀಲಿ ಸ್ವೆಟರು ಯಾರಿಗೆ ಎಂಬಲ್ಲಿ ಇಬ್ಬರೂ, "ನೀನಿಟ್ಕೋ, ನೀನಿಟ್ಕೋ," ಎಂದು ಜಗಳವಾಡಿ, ಅದು ಮಂಚದ ಮೇಲೆಯೇ ಉಳಿಯಿತು. ಅಪ್ಪ ಫೋನನ್ನು ಚಿಕ್ಕುವಿಗೆ ಕೊಟ್ಟು, ದೊಡ್ಡುವಿಗೆ ತನ್ನ ಹಳೆಯದನ್ನು ಕೊಟ್ಟ. ಅದರಲ್ಲಿ ಲಿಫ್ಟ್ ಕೆಟ್ಟವರ ಕರೆಗಳು ಈಗಲೂ ಬರುತ್ತಿದ್ದವು. "ಅಮ್ಮಾ, ನಾವು ಮೇಲಿನ ಮಹಡೀಲಿ ಸಿಕ್ಕಿಹಾಕ್ಕೊಂಡಿದ್ದೀವಿ," ಎಂದು ಯಾರೋ ಗೋಳಾಡುತ್ತಿದ್ದರೆ ಅವಳು ಅಪ್ಪನ ಹೊಸ ನಂಬರು ಕೊಡುತ್ತಿದ್ದಳು.

ಮನೆಯಲ್ಲಿ ಒಬ್ಬಳೇ ಮಗಳಿರುವ ರೂಢಿ ಯಾರಿಗೂ ಇರಲಿಲ್ಲ. ಅಮ್ಮ ಅಡುಗೆಮನೆಯಿಂದ, "ಮಕ್ಕಳೇ, ಊಟಕ್ಕೆ ಬನ್ರೇ," ಎಂದು ಕೂಗಿ, ಕೂಗಿದ ಮೇಲೆ ಪಾತ್ರೆಗಳನ್ನು ಅತ್ತಿತ್ತ ಸರಿಸುತ್ತಿದ್ದಳು. ಒಬ್ಬಳನ್ನೇ ಕರೆಯಲು ಬಾಯಿ ಬರದೆ ಕೊನೆಗೆ ಕೂಗುವುದನ್ನೇ ನಿಲ್ಲಿಸಿ, ತಟ್ಟೆಯ ಮೇಲೆ ಚಮಚ ಬಡಿಯತೊಡಗಿದಳು. ಕೋಣೆ ಗುಡಿಸುವುದು ದೊಡ್ಡುವಿನ ಸರದಿ, ಪಾತ್ರೆ ಒರೆಸುವುದು ಚಿಕ್ಕುವಿನ ಸರದಿ ಎಂದಿತ್ತು. ಈಗ ಸರದಿ ಎಂಬ ಮಾತಿಗೇ ಅರ್ಥವಿರಲಿಲ್ಲ. ಬೀದಿಯಲ್ಲಿ ಕಂಡವರೆಲ್ಲ ಅವಳನ್ನು ನೋಡಿ, ಅವಳ ಪಕ್ಕವನ್ನು ನೋಡಿ, "ಎಲ್ಲಿ ಇನ್ನೊಬ್ಬಳು?" ಎನ್ನುತ್ತಿದ್ದರು. ಗೊತ್ತಿದ್ದವರೂ ಕೇಳುತ್ತಿದ್ದರು.

ಚಿಕ್ಕು ಸಂಜೆ ಫೋನು ಮಾಡುತ್ತಿದ್ದಳು. ಮೊದಲ ಕೆಲವು ಸಲ ಅತ್ತಳು. ಆಮೇಲೆ ಅಳು ನಿಂತು ಸುದ್ದಿ ಶುರುವಾಯಿತು. "ನಾವೆಲ್ಲ ನಿನ್ನೆ ನದೀ ಹತ್ರ ಹೋಗಿದ್ವಿ, ಸೇತುವೆ ಬರೆಯೋಕೆ. ನಮಗೆ ಬೈದ್ರು ಗೊತ್ತಾ, ಎಲ್ಲಾರದೂ ಸೊಟ್ಟ ಅಂತ," ಎಂದು ನಗುತ್ತಿದ್ದಳು. ದೊಡ್ಡುವೂ ನಕ್ಕಳು. ಫೋನು ಇಟ್ಟ ಮೇಲೆ ಮಂಚದ ಮೇಲೆ ಕೂತಳು. ಹುಟ್ಟಿದಾಗಿನಿಂದ ಚಿಕ್ಕು ನಾವು ಎಂದರೆ ಅದರಲ್ಲಿ ತಾನಿರುತ್ತಿದ್ದಳು. ಈಗ ಆ ನಾವು ತುಂಬಿ ತುಳುಕುತ್ತಿತ್ತು, ತಾನು ಮಾತ್ರ ಅದರಲ್ಲಿರಲಿಲ್ಲ.

ಉಳಿದ ಕಾಲೇಜುಗಳ ಹುಡುಕಾಟ ಆ ಹೊತ್ತಿಗೆ ಶುರುವಾಗಿತ್ತು. ಮೊದಲು ಅಮ್ಮ ರಜೆ ಹಾಕಿ ಒಂದು ಕಡೆ ಕರೆದುಕೊಂಡು ಹೋದಳು. ಅಲ್ಲಿ ಟೈ ಕಟ್ಟಿದ ಒಬ್ಬ ಯುವಕ ಫ್ರಿಜ್ಜು ಮಾರುವವನ ಹಾಗೆ ಮಾತಾಡಿದ. "ನಮ್ಮಲ್ಲಿ ಎಲ್ಲ ಇದೆ ಮೇಡಂ. ಬಿಸಿನೆಸ್ಸೂ ಇದೆ, ಹೋಟೆಲ್ಲೂ ಇದೆ, ಫ್ಯಾಷನ್ನೂ ಇದೆ. ಹುಡುಗಿಗೆ ಯಾವುದರಲ್ಲಿ ಆಸಕ್ತಿ?"

ಅಮ್ಮ ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು. "ನಾವು ಇನ್ನೂ ಯೋಚನೆ ಮಾಡಿಲ್ಲ," ಎಂದಳು.

ಅಮ್ಮನ ಗಮನ ಅಷ್ಟರಲ್ಲಿ ಕಿಟಕಿಗೆ ಹೋಗಿತ್ತು. ಹೊರಗೆ ಬಂದ ಮೇಲೆ, "ಪರದೆಗೆ ಮಡಿಕೆ ಸಹ ಸರಿಯಾಗಿ ಹಿಡಿದಿಲ್ಲ. ಅಂಟು ಹಚ್ಚಿದ್ದಾರೆ! ಇವರು ಮಕ್ಕಳನ್ನ ಹೇಗೆ ನೋಡ್ಕೋತಾರೆ?" ಎಂದಳು. ಅದು ಅಲ್ಲಿಗೆ ಮುಗಿಯಿತು.

ಆಮೇಲೆ ಅಪ್ಪನ ಸರದಿ. ಅವನು ಕಂಪ್ಯೂಟರ್ ಕಲಿಸುವ ಒಂದು ದೊಡ್ಡ ಗಾಜಿನ ಕಟ್ಟಡ ತೋರಿಸಲು ಹೊರಟ. ಒಳಗೆ ಹೋದವನೇ ಲಿಫ್ಟ್ ಹತ್ತಿದ, ಕಿವಿಗೊಟ್ಟು ಆಲಿಸಿದ, ಮೂಗು ಮುರಿದ. "ಎಣ್ಣೆ ಕಂಡು ಎಷ್ಟು ಕಾಲ ಆಯ್ತೋ. ಬಾ ಹೋಗೋಣ."

"ಅಪ್ಪಾ, ನಾನು ಲಿಫ್ಟಲ್ಲಿ ಕೂತು ಓದ್ತೀನಾ?"

"ತಾವೇ ದಿನಾ ಓಡಾಡೋ ಲಿಫ್ಟ್ ನೋಡ್ಕೊಳ್ಳದವರು ನಿನ್ನ ನೋಡ್ಕೋತಾರಾ?"

ಮುಂದಿನ ಕಾಲೇಜಿನ ದಾರಿಯಲ್ಲಿ ಅವನಿಗೆ ಕರೆ ಬಂತು. ಯಾವುದೋ ಆಸ್ಪತ್ರೆಯಲ್ಲಿ ಲಿಫ್ಟ್ ನಡುವೆ ನಿಂತಿತ್ತು, ಒಳಗೆ ಜನರಿದ್ದರು. ಅಪ್ಪ ಬಸ್ ಸ್ಟಾಪಿನಲ್ಲೇ ಒಂದು ಕ್ಷಣ ತಡವರಿಸಿದ. "ನಾಳೆ ಬರೋಣ್ವಾ?"

"ನೀನು ಹೋಗು. ನಾನೇ ನೋಡ್ಕೊಂಡು ಬರ್ತೀನಿ."

"ಒಬ್ಬಳೇ?"

"ಇನ್ಯಾರಿದ್ದಾರೆ?" ಎಂದಳು ದೊಡ್ಡು.

ಅಪ್ಪ ಅವಳ ಮುಖವನ್ನು ನೋಡದೆ ಉಪಕರಣದ ಚೀಲ ಹೆಗಲಿಗೇರಿಸಿ ಹೋದ.

ಅದು ಬಸ್ ಡಿಪೋದ ಹಿಂದಿನ ಹಳೆಯ ಕಾಲೇಜು. ಎರಡೇ ಮಹಡಿ, ಲಿಫ್ಟಿನ ಗೋಜೇ ಇಲ್ಲ. ಕಿಟಕಿಗಳಿಗೆ ಪರದೆಯೂ ಇಲ್ಲ. ಆಫೀಸಿನವರು ಊಟಕ್ಕೆ ಹೋಗಿದ್ದರು. ಕಾರಿಡಾರಿನಲ್ಲಿ ನಿಂತಿದ್ದಾಗ ಒಂದು ತೆರೆದ ಬಾಗಿಲಿನಿಂದ ಜಗಳದ ಸದ್ದು ಕೇಳಿಸಿತು. ಇಣುಕಿದಳು. ಬೆರಳೆಣಿಕೆಯ ಹುಡುಗ ಹುಡುಗಿಯರು, ಹಲಗೆಯ ಮುಂದೆ ತೋಳು ಮಡಿಸಿದ ಒಬ್ಬ ಮೇಡಂ. ಹಲಗೆಯ ಮೇಲೆ ಎರಡು ಗೆರೆ: ಮೇಲೊಂದು ಗಿಡ್ಡನೆಯದು, ಕೆಳಗೊಂದು ಉದ್ದನೆಯದು. ಯಾವ ಗೆರೆಯಲ್ಲಿ ಹೆಚ್ಚು ಬಿಂದುಗಳಿವೆ ಎಂಬುದು ಜಗಳ.

"ಉದ್ದದ್ರಲ್ಲೇ ಮೇಡಂ, ಕಣ್ಣಿಗೇ ಕಾಣತ್ತೆ," ಎನ್ನುತ್ತಿದ್ದ ಒಬ್ಬ.

"ನಿನ್ನ ಕಣ್ಣಿಗೆ ಬಿಂದು ಕಾಣತ್ತಾ? ಎಣಿಸು ನೋಡೋಣ."

ದೊಡ್ಡು ತನಗೆ ಗೊತ್ತಿಲ್ಲದೆಯೇ ಒಳಗೆ ಬಂದಿದ್ದಳು. ಮೇಡಂ ತಿರುಗಿ, "ಯಾರಮ್ಮ?" ಎಂದರು.

"ನಾವು ಕಾಲೇಜು ನೋಡೋಕೆ ಬಂದಿದ್ವಿ."

ಮೇಡಂ ಅವಳ ಬೆನ್ನ ಹಿಂದೆ ಬಾಗಿಲಿನಾಚೆ ಕಣ್ಣು ಹಾಯಿಸಿದರು. "ಉಳಿದವರೆಲ್ಲಿ? ಒಳಗೆ ಬರೋಕೆ ಹೇಳು."

"ಇಲ್ಲ. ನಾನೊಬ್ಬಳೇ," ಎಂದಳು. ಆ ಮಾತು ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೋ, ಯಾರೋ ಕೊನೆಯ ಬೆಂಚಿನಲ್ಲಿ ಕಿಸಕ್ಕೆಂದರು.

"ಹಾಗಾದ್ರೆ ಕೂತ್ಕೋ. ನೀನೇನಂತೀಯ? ಯಾವುದರಲ್ಲಿ ಜಾಸ್ತಿ?"

ಕೂತಳು. ಗೆರೆಗಳನ್ನೇ ನೋಡಿದಳು. ಎಣಿಸಲಾಗದ್ದನ್ನು ಹೋಲಿಸುವುದು ಹೇಗೆ? ಒಂದೊಂದಕ್ಕೆ ಒಂದೊಂದನ್ನು ಜೊತೆ ಮಾಡಿದರೆ? ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡು ಗಿಡ್ಡ ಗೆರೆಯ ಮೇಲೆ ಎತ್ತರದಲ್ಲಿ ಒಂದು ಚುಕ್ಕೆ ಇಟ್ಟಳು. ಅಲ್ಲಿಂದ ಗಿಡ್ಡ ಗೆರೆಯನ್ನು ಹಾಯ್ದು ಉದ್ದ ಗೆರೆಗೆ ಮುಟ್ಟುವಂತೆ ಗೆರೆ ಎಳೆದಳು. ಇನ್ನೊಂದು ಎಳೆದಳು. ಮತ್ತೊಂದು. ಎಲ್ಲವೂ ಸೊಟ್ಟವೇ. ಆದರೆ ಇಲ್ಲಿನ ಪ್ರತಿ ಬಿಂದುವಿಗೂ ಅಲ್ಲೊಂದು ಬಿಂದು ಸಿಗುತ್ತಿತ್ತು, ಅಲ್ಲಿನದಕ್ಕೆಲ್ಲ ಇಲ್ಲೊಂದು. ಯಾವುದೂ ಹೆಚ್ಚಾಗಿ ಉಳಿಯುತ್ತಿರಲಿಲ್ಲ.

"ಎರಡರಲ್ಲೂ ಸಮ ಇರ್ಬೇಕು," ಎಂದಳು, ತನ್ನ ಮಾತನ್ನು ತಾನೇ ನಂಬದೆ.

"ಇರ್ಬೇಕು ಅಂದ್ರೆ? ಇದೆಯೋ ಇಲ್ವೋ?"

"ಇದೆ."

ಹುಡುಗರು ಹೋ ಎಂದು ಗಲಾಟೆ ಎಬ್ಬಿಸಿದರು. ಮೇಡಂ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. "ಜಗಳ ಆಡ್ತಿರಿ, ಟೀ ಕುಡಿದು ಬರ್ತೀನಿ," ಎಂದು ಹೊರಟೇಬಿಟ್ಟರು. ದೊಡ್ಡು ಮನೆಗೆ ಬರುವಾಗ ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಮುಂದೆ ಹೋಗಿ, ನಡೆದು ವಾಪಸ್ಸು ಬಂದಳು.

"ಗಣಿತಾನಾ?" ಎಂದ ಅಪ್ಪ, ಊಟಕ್ಕೆ ಕೂತಾಗ. ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದ್ದವರನ್ನೆಲ್ಲ ಇಳಿಸಿ ಬಂದಿದ್ದ, ಸುಸ್ತಾಗಿದ್ದ. "ಆ ಡಿಪೋ ಹಿಂದಿನ ಪಾಳು ಕಟ್ಟಡದಲ್ಲಾ? ನಿನ್ನ ಮಾರ್ಕ್ಸಿಗೆ? ತಂಗಿ ಅಷ್ಟು ದೊಡ್ಡ ಕಡೆ ಓದುವಾಗ ಜನ ಏನಂತಾರೆ?"

"ಜನ ಈಗ್ಲೂ ಅಂತಾನೇ ಇದ್ದಾರಲ್ಲಪ್ಪಾ."

"ಗಣಿತ ಓದಿ ಏನ್ಮಾಡ್ತೀಯ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ!"

"ಆರ್ಕಿಟೆಕ್ಚರ್ ಓದಿ ಏನ್ಮಾಡ್ತೀನಿ ಅಂತ ಗೊತ್ತಿತ್ತು. ಆದ್ರೆ ಓದೋಕೆ ಇಷ್ಟ ಇತ್ತೋ ಇಲ್ವೋ ಗೊತ್ತಿರ್ಲಿಲ್ಲ. ಇದು ಇಷ್ಟ ಆಯ್ತು."

ಅಮ್ಮ ಅನ್ನ ಬಡಿಸುವ ಕೈ ನಿಲ್ಲಿಸಿದಳು. "ಏನು ಇಷ್ಟ ಆಯ್ತು? ನನಗೂ ಹೇಳು."

ದೊಡ್ಡು ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಎರಡು ಗೆರೆ ಎಳೆದಳು. ಅಪ್ಪ ಬಗ್ಗಿ ನೋಡಿ, "ಉದ್ದದ್ರಲ್ಲೇ ಜಾಸ್ತಿ. ಇದಕ್ಕೆ ಕಾಲೇಜು ಬೇಕಾ?" ಎಂದ. ಅವಳು ಮೇಲೊಂದು ಚುಕ್ಕೆ ಇಟ್ಟು ತೋರಿಸಿದಳು. ಅಜ್ಜಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಅವಳು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ಕೆಲಸ ಮಾಡಿದವಳು. "ಒಂದು ತಂತಿಗೆ ಒಂದು ತಂತಿ. ಯಾರೂ ಮಿಕ್ಕಬಾರದು. ಅಷ್ಟೇ ತಾನೆ?" ಎಂದಳು.

"ಅಷ್ಟೇ ಅಜ್ಜಿ."

"ಸುಮ್ನಿರಮ್ಮಾ ನೀನು," ಎಂದ ಅಪ್ಪ. ನೀರಿನ ಗೆರೆ ಆರುವವರೆಗೂ ಅದನ್ನೇ ನೋಡುತ್ತ ತುತ್ತು ನುಂಗಿದ.

ಬೆಳಿಗ್ಗೆ ಬಚ್ಚಲಿನಲ್ಲಿ ಹಲ್ಲುಜ್ಜುತ್ತಿದ್ದವನು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. "ಆ ಗೆರೆ ವಿಷಯ. ನಾನು ಒಪ್ಪಲ್ಲ," ಎಂದ. ನೊರೆ ಉಗಿದು ಬಂದು, "ತಪ್ಪೆಲ್ಲಿದೆ ಅಂತ ಸಿಗ್ತಾ ಇಲ್ಲ. ಆದ್ರೂ ಒಪ್ಪಲ್ಲ," ಎಂದ. ಬೂಟು ಕಟ್ಟಿಕೊಳ್ಳುವಾಗ ತಲೆ ಎತ್ತದೆ ಕೇಳಿದ: "ಸೇರೋಕೆ ಯಾವತ್ತು ಕೊನೆ?"

ಚಿಕ್ಕುವಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಮುಂದಿನ ವರ್ಷ ನೀನು ಇಲ್ಲಿಗೆ ಬರ್ತೀಯ ಅಂತ ಹಾಸ್ಟೆಲಲ್ಲಿ ನನ್ನ ಪಕ್ಕದ ಮಂಚ ಖಾಲಿ ಆದ್ರೆ ಯಾರಿಗೂ ಕೊಡಬೇಡಿ ಅಂತ ಹೇಳಿಟ್ಟಿದ್ದೆ," ಎಂದಳು.

"ಬೇರೆ ಯಾರಿಗಾದ್ರೂ ಕೊಡು."

"ಕೋಪಾನಾ ಇನ್ನೂ?"

"ಇಲ್ಲ ಚಿಕ್ಕು. ನೀನು ಅವತ್ತು ಹೇಳಿದ್ದು ನಿಜ. ನನಗೂ ಭಯ ಇತ್ತು."

"ಈಗ?"

"ಈಗ್ಲೂ ಇದೆ."

ಇಬ್ಬರೂ ಅಳಲಿಲ್ಲ. ಆ ಕಡೆ ಯಾರೋ ಚಿಕ್ಕುವನ್ನು ಊಟಕ್ಕೆ ಕೂಗಿದರು. ಅವಳು ಹೋದಳು.

ಡಿಪೋದ ಹಿಂದಿನ ಕಾಲೇಜು ಆ ಮೊದಲ ದಿನದಷ್ಟು ಸೊಗಸಾಗಿ ಎಲ್ಲ ದಿನವೂ ಇರಲಿಲ್ಲ. ಕೆಲವು ಮೇಷ್ಟ್ರು ಪುಸ್ತಕ ನೋಡಿ ಗೊಣಗುತ್ತಿದ್ದರು. ಬಸ್ಸುಗಳ ಹೊಗೆ ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ಜೊತೆಯ ಹುಡುಗಿಯರು ತಮ್ಮ ತಮ್ಮ ಶಾಲೆಯ ಗೆಳತಿಯರೊಂದಿಗೆ ಬಂದವರು. ಗೆಳೆತನ ಶುರು ಮಾಡುವುದು ಹೇಗೆಂದು ದೊಡ್ಡುವಿಗೆ ಗೊತ್ತಿರಲಿಲ್ಲ. ಅದರ ಅಗತ್ಯ ಎಂದೂ ಬಿದ್ದಿರಲಿಲ್ಲ. ಒಮ್ಮೆ ಹಲಗೆಯ ಮುಂದೆ ಲೆಕ್ಕ ತಪ್ಪಿದಳು. ಮೇಡಂ, "ಒಳ್ಳೇ ತಪ್ಪು, ನಾಳೆವರೆಗೂ ಹಾಗೇ ಇರ್ಲಿ, ಅಳಿಸಬೇಡಿ," ಎಂದರು. ಆ ತಪ್ಪಿನ ಬಗ್ಗೆ ದಿನವಿಡೀ ಯೋಚಿಸಿದಳು. ಯೋಚಿಸುತ್ತಿದ್ದಷ್ಟು ಹೊತ್ತು ಒಬ್ಬಂಟಿ ಅನ್ನಿಸಲಿಲ್ಲ. ಯೋಚನೆ ಮುಗಿದಾಗ ಅನ್ನಿಸಿತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬ್ರೆಡ್ಡು ಆಮ್ಲೆಟ್ಟು ತೆಗೆದುಕೊಂಡು ಗೋಡೆಯ ಹತ್ತಿರದ ಮೇಜಿನ ಮುಂದೆ ಕೂತಳು. ಎದುರಿಗೆ ಒಂದು ಕುರ್ಚಿ ಇತ್ತು. ಸುತ್ತಲೂ ಗದ್ದಲ. ಅವಳ ತರಗತಿಯದೇ ಒಬ್ಬ ಹುಡುಗಿ, ಎಣ್ಣೆ ಹಚ್ಚದ ಕೂದಲನ್ನು ಪೆನ್ನಿನಿಂದ ಗಂಟು ಹಾಕಿಕೊಂಡವಳು, ನೇರ ಅವಳ ಹತ್ತಿರ ಬಂದು ನಿಂತಳು.

"ಇಲ್ಲಿಗೆ ಯಾರಾದ್ರೂ ಬರ್ತಾರಾ?"

ದೊಡ್ಡು ಬಾಯಲ್ಲಿದ್ದ ತುತ್ತನ್ನು ಅವಸರದಲ್ಲಿ ನುಂಗಿದಳು. ಮೇಜಿನ ಮೇಲಿದ್ದ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡು ಜಾಗ ಮಾಡಿದಳು. "ಇಲ್ಲ, ಯಾರೂ ಇಲ್ಲ. ಬನ್ನಿ," ಎಂದಳು.

"ಥ್ಯಾಂಕ್ಸ್," ಎಂದು ಆ ಹುಡುಗಿ ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಹಿಡಿದುಕೊಂಡು, ಜನರನ್ನು ದಾಟಿ, ದೂರದಲ್ಲಿದ್ದ ತನ್ನ ಗೆಳತಿಯರ ಮೇಜಿಗೆ ಒಯ್ದಳು.

ದೊಡ್ಡು ಖಾಲಿಯಾದ ಆ ಜಾಗವನ್ನು ನೋಡಿದಳು. ತೊಡೆಯ ಮೇಲೆ ಚೀಲ ಇನ್ನೂ ಇತ್ತು. ಎಲ್ಲಿಂದಲೋ ನಗು ಉಕ್ಕಿ ಬಂತು. ತಡೆಯಲಾಗದೆ ಜೋರಾಗಿಯೇ ನಕ್ಕಳು. ಪಕ್ಕದ ಮೇಜಿನವನು ತಿರುಗಿ ನೋಡಿ ಮತ್ತೆ ತನ್ನ ಮಾತಿಗೆ ಮರಳಿದ. ಕೈ ತಾನಾಗಿ ಫೋನಿಗೆ ಹೋಯಿತು. ಚಿಕ್ಕುವಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆದರೆ ಈ ಹೊತ್ತಿನಲ್ಲಿ ಅವಳಿಗೂ ತರಗತಿ ಇರುತ್ತದೆ. ಸಂಜೆ ಹೇಳಿದರಾಯಿತು ಎಂದು ಫೋನನ್ನು ಚೀಲಕ್ಕೆ ಹಾಕಿ, ಉಳಿದ ಬ್ರೆಡ್ಡನ್ನು ನಿಧಾನವಾಗಿ ತಿಂದಳು. ಸಂಜೆಯವರೆಗೆ ಆ ನಗು ಅವಳೊಬ್ಬಳದೇ ಆಗಿತ್ತು.